ಒಂದೇ ಉಂಗುರದಲ್ಲಿ ಒಂಬತ್ತು ಸ್ವಭಾವ

ನವರತ್ನದ ಉಂಗುರ ಹೊಸದಿದ್ದಾಗ ಒಂಬತ್ತು ಕಲ್ಲೂ ಫಳಫಳ ಎನ್ನುತ್ತವೆ. ಐದಾರು ವರ್ಷ ದಿನವೂ ತೊಟ್ಟ ಮೇಲೆ ಅದನ್ನೇ ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ನಡುವಿನ ಮಾಣಿಕ್ಯ ಇದ್ದ ಹಾಗೇ ಇರುತ್ತದೆ, ನೀಲವೂ ಅಷ್ಟೇ. ಮುತ್ತು ಮಾತ್ರ ಸೀಮೆಸುಣ್ಣದಂತೆ ಮಂಕಾಗಿರುತ್ತದೆ. ಹವಳ ಬಿಳಿಚಿಕೊಂಡಿರುತ್ತದೆ, ಪಚ್ಚೆಯೊಳಗೆ ಮೊದಲು ಕಾಣದಿದ್ದ ಗೆರೆ ಕಾಣುತ್ತದೆ, ಪುಟ್ಟ ವಜ್ರ ಗಾಜಿನ ಚೂರಿನ ಹಾಗಾಗಿರುತ್ತದೆ. ಗ್ರಹದೋಷ ಕಳೆಯಲೆಂದು ತೊಟ್ಟ ಉಂಗುರವೇ ಕಳೆಗುಂದಿತಲ್ಲ ಎಂದು ಇದನ್ನು ಅಪಶಕುನವೆಂದುಕೊಂಡು ಕೊರಗುವವರಿದ್ದಾರೆ. ಕೊರಗಬೇಕಾಗಿಲ್ಲ. ಈ ಒಂಬತ್ತರ ಹುಟ್ಟು ಬೇರೆ, ಮೈಗುಣ ಬೇರೆ. ನಾವು ಮಾತ್ರ ಒಂಬತ್ತನ್ನೂ ಒಂದೇ ಬಟ್ಟಲಲ್ಲಿ, ಒಂದೇ ನೀರಲ್ಲಿ, ಒಂದೇ ಬ್ರಷ್ಷಿನಲ್ಲಿ ತಿಕ್ಕುತ್ತಾ ಬಂದಿರುತ್ತೇವೆ.

ಮೊದಲು ಅರ್ಥದ ವಿಚಾರ. ಹುಟ್ಟಿದ ತಿಂಗಳಿಗೊಂದು ರತ್ನ ಎಂದು ಅಂಗಡಿಗಳಲ್ಲಿ ತೂಗುಹಾಕುವ ಪಟ್ಟಿ ತೀರಾ ಹಳೆಯದೇನಲ್ಲ. ಅಮೆರಿಕದ ಆಭರಣ ವ್ಯಾಪಾರಿಗಳ ಸಂಘ 1912ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಸೇರಿ ಅದನ್ನು ಗೊತ್ತುಮಾಡಿತು: ಏಪ್ರಿಲ್‌ಗೆ ವಜ್ರ, ಮೇ ತಿಂಗಳಿಗೆ ಪಚ್ಚೆ, ಜೂನ್‌ಗೆ ಮುತ್ತು, ಜುಲೈಗೆ ಮಾಣಿಕ್ಯ, ಸೆಪ್ಟೆಂಬರ್‌ಗೆ ನೀಲ, ಹೀಗೆ. ಪಟ್ಟಿ ಈಗಲೂ ಬೆಳೆಯುತ್ತಿದೆ. 1967ರಲ್ಲಿ ತಾಂಜಾನಿಯಾದಲ್ಲಿ ಸಿಕ್ಕ ಟಾಂಜನೈಟ್ 2002ರಲ್ಲಿ ಡಿಸೆಂಬರ್‌ಗೆ ಸೇರಿತು, ಸ್ಪಿನೆಲ್ 2016ರಲ್ಲಿ ಆಗಸ್ಟ್‌ಗೆ. ನಮ್ಮಲ್ಲಿ ಲೆಕ್ಕ ತಿಂಗಳಿನದಲ್ಲ, ಗ್ರಹದ್ದು. ಸೂರ್ಯನಿಗೆ ಮಾಣಿಕ್ಯ, ಚಂದ್ರನಿಗೆ ಮುತ್ತು, ಕುಜನಿಗೆ ಹವಳ, ಬುಧನಿಗೆ ಪಚ್ಚೆ, ಗುರುವಿಗೆ ಕನಕ ಪುಷ್ಯರಾಗ, ಶುಕ್ರನಿಗೆ ವಜ್ರ, ಶನಿಗೆ ನೀಲ, ರಾಹುವಿಗೆ ಗೋಮೇಧಿಕ, ಕೇತುವಿಗೆ ವೈಡೂರ್ಯ. ಕಲ್ಲಿನ ಮೂಲಕ ಗ್ರಹದ ಕಿರಣ ಮೈಗೆ ಇಳಿಯುತ್ತದೆ ಎಂಬುದಕ್ಕೆ ವಿಜ್ಞಾನದಲ್ಲಿ ಆಧಾರವಿಲ್ಲ. ಬಿದ್ದ ಬೆಳಕಿನಲ್ಲಿ ಕೆಲವು ಬಣ್ಣಗಳನ್ನು ಹೀರಿ ಉಳಿದದ್ದನ್ನು ಬಿಡುವುದಷ್ಟೇ ಕಲ್ಲು ಮಾಡುವ ಕೆಲಸ. ಆದರೆ ಅಜ್ಜಿ ಮೊಮ್ಮಗಳಿಗೆ ಕೊಟ್ಟ ಹವಳದ ಉಂಗುರಕ್ಕೆ ಮನೆಯಲ್ಲಿರುವ ಬೆಲೆಯನ್ನು ಯಾವ ಪ್ರಯೋಗಾಲಯವೂ ಅಳೆಯಲಾರದು. ಜತನ ಮಾಡಬೇಕೆನ್ನುವುದೂ ಅದಕ್ಕೇ.

ನಂಬಿಕೆಯಿಂದ ಆಭರಣದ ಕಟ್ಟಡವೇ ಬದಲಾಗುವುದುಂಟು. ಕಲ್ಲು ಮೈಗೆ ತಾಗಬೇಕು ಎಂದು ಹೇಳಿ ಮಾಡಿಸುವುದರಿಂದ ಇಂಥ ಉಂಗುರಗಳಲ್ಲಿ ಕಲ್ಲಿನ ತಳ ತೆರೆದೇ ಇರುತ್ತದೆ. ಬೆವರು, ಸೋಪು, ಅಡುಗೆಮನೆಯ ಎಣ್ಣೆ ಎಲ್ಲವೂ ಅಲ್ಲಿಗೆ ಹೋಗಿ ಕೂರುತ್ತವೆ. ಹೊಳಪು ಹೋದ ಉಂಗುರವನ್ನು ಮೇಲಿನಿಂದ ಎಷ್ಟು ಒರೆಸಿದರೂ ಪ್ರಯೋಜನವಾಗದಿರುವುದು ಇದರಿಂದಲೇ. ಕೊಳೆ ಇರುವುದು ಕೆಳಗೆ.

ಗಡಸುತನ ಅಳೆಯಲು ಜರ್ಮನಿಯ ಫ್ರೆಡ್ರಿಕ್ ಮೋಸ್ 1812ರಲ್ಲಿ ಮಾಡಿದ ಅಳತೆಗೋಲು ಇಂದಿಗೂ ಬಳಕೆಯಲ್ಲಿದೆ. ಯಾವುದು ಯಾವುದನ್ನು ಗೀರುತ್ತದೆ ಎಂಬುದಷ್ಟೇ ಅದರ ಲೆಕ್ಕ. ವಜ್ರ 10. ಮಾಣಿಕ್ಯ, ನೀಲ, ಕನಕ ಪುಷ್ಯರಾಗ ಮೂರೂ 9, ಏಕೆಂದರೆ ಮೂರೂ ಒಂದೇ ಖನಿಜ: ಅಲ್ಯುಮಿನಿಯಂ ಆಕ್ಸೈಡ್, ಅಂದರೆ ಕುರುಂದ. ಕ್ರೋಮಿಯಂ ಸೇರಿದರೆ ಕೆಂಪು, ಕಬ್ಬಿಣದ ಜೊತೆ ಟೈಟಾನಿಯಂ ಸೇರಿದರೆ ನೀಲಿ. ಇಂಗ್ಲಿಷಿನ ಕೊರಂಡಮ್ ಎಂಬ ಹೆಸರು ನಮ್ಮ ದಕ್ಷಿಣದ ಈ ಮಾತಿನಿಂದಲೇ ಹೋದದ್ದು. ಕುರುಂದದ ಪುಡಿಯನ್ನು ಅರಗಿನಲ್ಲಿ ಕಲಸಿ ಸಾಣೆಚಕ್ರ ಮಾಡುತ್ತಿದ್ದುದು ಅದರ ಈ ಗಡಸಿನಿಂದಾಗಿಯೇ. ವೈಡೂರ್ಯ 8.5, ಪಚ್ಚೆ 7.5ರಿಂದ 8, ಗೋಮೇಧಿಕ ಸುಮಾರು 7. ಅಲ್ಲಿಂದ ಒಮ್ಮೆಗೇ ಕೆಳಗೆ ಜಾರಿದರೆ ಹವಳ 3ರಿಂದ 4, ಮುತ್ತು 2.5ರಿಂದ 4.5.

ಈ ಪಟ್ಟಿಯಲ್ಲಿ ನೆನಪಿಡಬೇಕಾದ ಅಂಕಿ 7. ಮನೆಯ ಧೂಳಿನಲ್ಲಿರುವ ಮರಳಿನ ಕಣ, ಅಂದರೆ ಸ್ಫಟಿಕಶಿಲೆಯ ಗಡಸು ಅಷ್ಟು. ಮುತ್ತಿನ ಸರವನ್ನು ಒಣ ಸೆರಗಿನಲ್ಲಿ ಉಜ್ಜಿದಾಗ ನಡೆಯುವುದು ಮರಳುಕಾಗದದ ಕೆಲಸವೇ, ಅತಿ ನಯವಾದದ್ದು ಅಷ್ಟೇ. ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ ಒರೆಸಿದರೆ ಧೂಳು ಬಟ್ಟೆಗೆ ಅಂಟುತ್ತದೆ, ಗೀರುವುದಿಲ್ಲ.

ಮುತ್ತು ಗಣಿಯಲ್ಲಿ ಹುಟ್ಟಿದ್ದಲ್ಲ, ಚಿಪ್ಪುಜೀವಿಯ ಮೈಯಲ್ಲಿ ಹುಟ್ಟಿದ್ದು. ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಪಾಲು ದಪ್ಪದ, ಅರಗೊನೈಟ್ ಎಂಬ ಖನಿಜದ ಹಲಗೆಗಳು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಕೂತಿರುತ್ತವೆ. ನಡುವೆ ಗಾರೆಯ ಹಾಗೆ ತೆಳುವಾದ ಪ್ರೋಟೀನು, ಒಂದಿಷ್ಟು ನೀರು. ಮುತ್ತಿನ ಮೈಮೇಲೆ ತೇಲುವ ಆ ಮಂದ ಕಾಮನಬಿಲ್ಲು ಈ ಪದರಗಳ ನಡುವೆ ಬೆಳಕು ಹೊಯ್ದಾಡುವುದರಿಂದ ಬಂದದ್ದು. ಹೊರಗಿನ ನಾಲ್ಕು ಪದರ ಕರಗಿದರೆ ಕಳೆ ಹೋಯಿತು. ಒಳಗೆ ಮಣಿ ಇಟ್ಟು ಬೆಳೆಸಿದ ಎಷ್ಟೋ ಮುತ್ತುಗಳಲ್ಲಿ ಈ ಹೊದಿಕೆಯ ಒಟ್ಟು ದಪ್ಪವೇ ಅರ್ಧ ಮಿಲಿಮೀಟರ್ ಇರುವುದಿಲ್ಲ. ಸವೆದರೆ ಕೆಳಗಿರುವುದು ಬರಿಯ ಚಿಪ್ಪಿನ ಗುಂಡು.

ಅರಗೊನೈಟ್ ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣಕಲ್ಲಿನ ಬಳಗ. ಹವಳವೂ ಅದೇ ಬಳಗದ್ದು, ಸಮುದ್ರದ ಹುಳುಗಳು ಕಟ್ಟಿದ ಎಲುಬುಗೂಡು. ಹುಳಿ ಯಾವುದೇ ಇರಲಿ, ಸುಣ್ಣವನ್ನು ಕರಗಿಸಿ ಇಂಗಾಲದ ಡೈಆಕ್ಸೈಡ್ ಬಿಡಿಸುತ್ತದೆ. ನಿಂಬೆರಸ, ಹುಣಸೆ ನೀರು, ವಿನೆಗರ್ ಎಲ್ಲವೂ ಇದರಲ್ಲಿ ಸೇರಿದವು. ಹುಣಸೆಹಣ್ಣಿನಲ್ಲಿ ಚಿನ್ನ ತಿಕ್ಕುವ ಹಳೆಯ ಪದ್ಧತಿ ಬರಿಯ ಚಿನ್ನದ ಸರಕ್ಕೆ ಸರಿ. ಅಂಟುವಾಳದ ನೊರೆಯೂ ಚಿನ್ನಕ್ಕೆ ಒಳ್ಳೆಯದು, ಆದರೆ ಅದೂ ತುಸು ಆಮ್ಲೀಯ. ಮುತ್ತು ಹವಳ ಇದ್ದಲ್ಲಿ ಎರಡೂ ಬೇಡ.

ಇಲ್ಲೇ ಒಂದು ಸೂಕ್ಷ್ಮದ ಮಾತು. ಹೊಸ ಉಂಗುರವನ್ನು ತೊಡುವ ಮುಂಚೆ ಪಂಚಾಮೃತದಲ್ಲಿ ರಾತ್ರಿಯಿಡೀ ಇಡುವ ರೂಢಿ ಹಲವು ಮನೆಗಳಲ್ಲಿದೆ. ಮೊಸರು ಮತ್ತು ಜೇನುತುಪ್ಪದ ಪಿಎಚ್, ಅಂದರೆ ಹುಳಿಯ ಅಳತೆ (7ಕ್ಕಿಂತ ಇಳಿದಷ್ಟೂ ಹುಳಿ ಹೆಚ್ಚು), 4ರ ಆಸುಪಾಸಿನಲ್ಲಿರುತ್ತದೆ. ಮುತ್ತಿನ ನಯವಾದ ಮೇಲ್ಮೈಗೆ ರಾತ್ರಿಯಿಡೀ ಅಷ್ಟು ಹುಳಿ ಬೇಡ. ತುಪ್ಪ ವಜ್ರವನ್ನು ಮುಚ್ಚುತ್ತದೆ. ಅಭಿಷೇಕ ಮಾಡಲೇಬೇಕೆಂದಿದ್ದರೆ ಒಂದು ಕ್ಷಣ ಅದ್ದಿ, ಕೂಡಲೇ ಶುದ್ಧ ನೀರಲ್ಲಿ ತೊಳೆದು ಒರೆಸಿಬಿಡಿ. ಶಾಸ್ತ್ರಕ್ಕೂ ಊನವಿಲ್ಲ, ಮುತ್ತಿಗೂ ಊನವಿಲ್ಲ. ಉಪ್ಪುನೀರಿನಲ್ಲಿ ನೆನೆಸುವುದು ಮಾತ್ರ ಬೇಡ. ಉಪ್ಪು ಸಂದಿಗಳಲ್ಲಿ ಹರಳುಗಟ್ಟುತ್ತದೆ.

ಪಚ್ಚೆಯ ಕಥೆ ಇನ್ನೊಂದು ಬಗೆ. ಬಿರುಕಿಲ್ಲದ ಪಚ್ಚೆ ಸಿಗುವುದು ತೀರಾ ಅಪರೂಪ. ಅದಕ್ಕೇ ಕಲ್ಲನ್ನು ಕೊರೆದ ಮೇಲೆ ಬಿರುಕುಗಳಿಗೆ ದೇವದಾರು ಎಣ್ಣೆಯನ್ನೋ ರಾಳವನ್ನೋ ತುಂಬುವುದು ಜಗತ್ತಿನಾದ್ಯಂತ ಒಪ್ಪಿತ ಪದ್ಧತಿ. ಬೋಂಡಾ ಕಟ್ಟಿದ ಕಾಗದದ ಮೇಲೆ ಎಣ್ಣೆ ಹರಡಿದಲ್ಲಿ ಕಾಗದ ಪಾರದರ್ಶಕವಾಗುವುದನ್ನು ನೋಡಿದ್ದೀರಿ. ಎಳೆಗಳ ನಡುವೆ ಗಾಳಿ ಇದ್ದಾಗ ಬೆಳಕು ಎಳೆಯಿಂದ ಗಾಳಿಗೆ, ಗಾಳಿಯಿಂದ ಎಳೆಗೆ ಬಾಗಿ ಬಾಗಿ ಚದುರುತ್ತದೆ. ಎಣ್ಣೆ ತುಂಬಿದರೆ ಆ ವ್ಯತ್ಯಾಸ ಅಳಿಸಿಹೋಗುತ್ತದೆ. ಪಚ್ಚೆಯಲ್ಲೂ ಅದೇ ಲೆಕ್ಕ: ಪಚ್ಚೆಯ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಬಾಗಿಸುವ ಅಳತೆ, ಸುಮಾರು 1.58, ದೇವದಾರು ಎಣ್ಣೆಯದು ಸುಮಾರು 1.51, ಗಾಳಿಯದು 1. ಎಣ್ಣೆ ಇರುವ ತನಕ ಬಿರುಕು ಕಣ್ಣಿಗೆ ಬೀಳದು. ಬಿಸಿನೀರು, ಸ್ಯಾನಿಟೈಸರ್‌ನ ಆಲ್ಕೊಹಾಲ್, ಅಂಗಡಿಯ ಅಲ್ಟ್ರಾಸಾನಿಕ್ ಯಂತ್ರದ ಕಂಪನ ಆ ಎಣ್ಣೆಯನ್ನು ಹೊರಗೆಳೆಯುತ್ತವೆ. ಮರುದಿನ ಕಾಣುವ ಬಿಳಿ ಗೆರೆ ಹೊಸ ಬಿರುಕಾಗಿರಬೇಕಿಲ್ಲ. ಹುಟ್ಟಿನಿಂದ ಇದ್ದ ಬಿರುಕು ಬೆಳಕಿಗೆ ಬಂದಿರುತ್ತದೆ. ಬಲ್ಲವರ ಬಳಿ ಕೊಟ್ಟರೆ ಮತ್ತೆ ಎಣ್ಣೆ ತುಂಬಿಸಬಹುದು.

ವಜ್ರ ಮಂಕಾಗುವುದೂ ಎಣ್ಣೆಯಿಂದಲೇ, ಆದರೆ ಎಣ್ಣೆ ಹತ್ತುವುದರಿಂದ. ವಜ್ರಕ್ಕೆ ನೀರು ಒಗ್ಗದು, ಜಿಡ್ಡು ಒಗ್ಗುತ್ತದೆ. ದಕ್ಷಿಣ ಆಫ್ರಿಕದ ಕಿಂಬರ್ಲಿ ಗಣಿಯಲ್ಲಿ ಇದನ್ನೇ ಬಳಸಿಕೊಂಡು, ಗ್ರೀಸ್ ಬಳಿದ ಮೇಜಿನ ಮೇಲೆ ನೀರಿನೊಂದಿಗೆ ಜಲ್ಲಿ ಹರಿಸುತ್ತಿದ್ದರು. ಉಳಿದ ಕಲ್ಲು ಕೊಚ್ಚಿ ಹೋಗುತ್ತಿತ್ತು, ವಜ್ರ ಗ್ರೀಸಿಗೆ ಅಂಟಿ ನಿಲ್ಲುತ್ತಿತ್ತು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವ ನಮ್ಮ ಹೆಂಗಸರ ವಜ್ರದೋಲೆಗೆ ಆಗುವುದೂ ಇದೇ. ಕಲ್ಲಿನ ಮೇಲ್ಭಾಗದಿಂದ ಒಳಬಂದ ಬೆಳಕು ತಳದ ಮುಖಗಳಿಗೆ ಬಡಿದು ಹಿಂದಿರುಗಿದರೆ ತಾನೇ ಮಿನುಗು? ತಳದಾಚೆ ಬರಿಯ ಗಾಳಿ ಇದ್ದರೆ, ಸುಮಾರು 24 ಡಿಗ್ರಿಗಿಂತ ಓರೆಯಾಗಿ ಬಿದ್ದ ಬೆಳಕೆಲ್ಲ ಪೂರ್ತಿ ಹಿಂದಿರುಗುತ್ತದೆ. ಅಲ್ಲಿ ಎಣ್ಣೆಯ ಪದರ ಕೂತು, ಅದಕ್ಕೆ ಧೂಳು ಮೆತ್ತಿದರೆ ಆ ಗಡಿ ಸುಮಾರು 37 ಡಿಗ್ರಿಗೆ ಏರುತ್ತದೆ. ನಡುವಿನ ಅಷ್ಟೂ ಬೆಳಕು ತಳದಿಂದ ಸೋರಿಹೋಗುತ್ತದೆ. ಓಲೆಯ ಹಿಂಬದಿ ಒಮ್ಮೆ ತೊಳೆದರೆ ಮಿನುಗು ಮರಳುವುದು ಇದರಿಂದ.

ವಜ್ರವನ್ನು ಇನ್ನೊಂದು ವಜ್ರವಲ್ಲದೆ ಬೇರೆ ಕಲ್ಲು ಗೀರದು ಎಂದು ಅದು ಒಡೆಯುವುದೇ ಇಲ್ಲವೆಂದುಕೊಳ್ಳಬೇಡಿ. ನಾಲ್ಕು ದಿಕ್ಕಿನಲ್ಲಿ ಅದಕ್ಕೆ ಸೀಳುವ ಗುಣವಿದೆ. ಗ್ರಾನೈಟ್ ಕಟ್ಟೆಯ ಅಂಚಿಗೆ ಬಡಿದರೆ ಅಂಚು ಸಿಡಿಯಬಹುದು. ಪುಷ್ಯರಾಗದ ಹೆಸರಿನಲ್ಲಿ ಮಾರುವ ಟೋಪಾಜ್ ಇನ್ನೂ ನಾಜೂಕು. ಗಡಸು 8 ಇದ್ದರೂ ಒಂದು ಪೆಟ್ಟಿಗೆ ನೇರ ಸೀಳಿಬಿಡುತ್ತದೆ. ಕೊಳ್ಳುವಾಗ ಪ್ರಮಾಣಪತ್ರದಲ್ಲಿ ಹಳದಿ ಸಫೈರ್ (ಅಂದರೆ ಕನಕ ಪುಷ್ಯರಾಗ) ಎಂದಿದೆಯೋ ಟೋಪಾಜ್ ಎಂದಿದೆಯೋ ಓದಿಕೊಳ್ಳಿ. ಚಿನ್ನದ ಬಿಐಎಸ್ ಹಾಲ್‌ಮಾರ್ಕ್ ಮತ್ತು ಒಡವೆಯ ಮೇಲಿನ ಆರು ಅಕ್ಷರಾಂಕಿಗಳ ಗುರುತುಸಂಖ್ಯೆಯಾದ ಎಚ್‌ಯುಐಡಿ ಹೇಳುವುದು ಚಿನ್ನದ ಶುದ್ಧತೆಯನ್ನಷ್ಟೇ. ಕಲ್ಲಿನ ಬಗ್ಗೆ ಅದು ಏನೂ ಹೇಳುವುದಿಲ್ಲ.

ಗಟ್ಟಿ ಎಂದ ಮಾಣಿಕ್ಯದಲ್ಲೂ ಒಂದು ಮೋಸವಿದೆ. ಬಿರುಕುಗಳಿಗೆ ಸೀಸದ ಗಾಜು ತುಂಬಿ ಅಗ್ಗಕ್ಕೆ ಮಾರುವ ದೊಡ್ಡ ಕೆಂಪುಗಳು ಇಪ್ಪತ್ತು ವರ್ಷಗಳಿಂದ ಮಾರುಕಟ್ಟೆಯಲ್ಲಿವೆ. ಆ ಗಾಜನ್ನು ನಿಂಬೆರಸವೂ ತಿನ್ನುತ್ತದೆ. ಕಲ್ಲಿನ ಮೈಮೇಲೆ ಬಿಳಿ ಬಲೆ ಕಟ್ಟಿದಂತೆ ಕಾಣತೊಡಗಿದರೆ ಇದೇ ಆಗಿದೆ ಎಂದು ತಿಳಿಯಿರಿ. ಬಿಸಿ ಮಾಡಿ ಬಣ್ಣ ತಿದ್ದಿದ ಮಾಣಿಕ್ಯಕ್ಕಾಗಲಿ, 1902ರಿಂದ ಕುಲುಮೆಯಲ್ಲಿ ತಯಾರಾಗುತ್ತಿರುವ ಕೃತಕ ಮಾಣಿಕ್ಯಕ್ಕಾಗಲಿ ಈ ಭಯವಿಲ್ಲ.

ಹೀಗಾಗಿ ನವರತ್ನದ ಉಂಗುರವನ್ನು ವಜ್ರದ ಲೆಕ್ಕದಲ್ಲಿ ತೊಳೆಯಬಾರದು, ಮುತ್ತಿನ ಲೆಕ್ಕದಲ್ಲಿ ತೊಳೆಯಬೇಕು. ಕಾಲು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ದ್ರವ ಸಾಕು, ನಿಂಬೆ ಹಾಕದೆ ತಯಾರಿಸಿದ್ದು ಆಗಬೇಕು. ಸಿಂಕಿನ ಮೇಲೆ ಬೇಡ, ಬಟ್ಟಲಿನಲ್ಲೇ. ಉಂಗುರವನ್ನು ಮುಳುಗಿಸಿಡಬೇಡಿ. ಮೆತ್ತನೆಯ ಹತ್ತಿಬಟ್ಟೆಯ ತುದಿಯನ್ನು ಅದ್ದಿ ಹಿಂಡಿ ಮುತ್ತು, ಹವಳಗಳನ್ನು ಒರೆಸಿ. ಉಳಿದ ಕಲ್ಲುಗಳ ಹಿಂಬದಿಗೆ ಮಾತ್ರ ಮಕ್ಕಳ ಹಲ್ಲುಜ್ಜುವ ಬ್ರಷ್ ಅದ್ದಿ ಹಗುರಾಗಿ ಆಡಿಸಿ. ಟೂತ್‌ಪೇಸ್ಟ್ ಮುಟ್ಟಿಸಬೇಡಿ. ಅದರಲ್ಲಿರುವ ಉಜ್ಜುಪುಡಿ ಚಿನ್ನವನ್ನೇ ಗೀರುತ್ತದೆ. ಕೊನೆಯ ಒರಸಿಗೆ ಫಿಲ್ಟರ್ ನೀರು ಬಳಸಿ. ಬೋರ್‌ವೆಲ್ಲಿನ ಗಡಸು ನೀರು ಒಣಗಿದಲ್ಲಿ ಸುಣ್ಣದ ಕಲೆ ಉಳಿಯುತ್ತದೆ, ಅದನ್ನು ತೆಗೆಯಲು ಬೇಕಾದ ಹುಳಿ ಮುತ್ತಿಗೆ ಆಗದು.

ಕುಂದಣದ ಕೆಂಪಿನ ಅಡ್ಡಿಕೆ, ಬೆಂಡೋಲೆಗಳಿಗೆ ಈ ವಿಧಾನವೂ ಸಲ್ಲದು. ಅವುಗಳ ತಳ ಮುಚ್ಚಿರುತ್ತದೆ. ಕಲ್ಲಿನಡಿ ಹೊಳೆಯುವ ತಗಡು, ಅದರಡಿ ಅರಗು. ಒಂದು ಹನಿ ನೀರು ಒಳಗಿಳಿದರೆ ತಗಡು ಕಪ್ಪಾಗಿ ಕಲ್ಲು ಸತ್ತಂತೆ ಕಾಣುತ್ತದೆ, ಬಿಸಿನೀರಾದರೆ ಅರಗೇ ಮೆತ್ತಗಾಗಿ ಕಲ್ಲು ಅಲುಗಾಡುತ್ತದೆ. ಒಣ ಮೆತ್ತನೆ ಬ್ರಷ್ಷಿನಲ್ಲಿ ಧೂಳು ಹಾರಿಸಿ, ತುಸುವೇ ಒದ್ದೆ ಬಟ್ಟೆಯಲ್ಲಿ ಚಿನ್ನ ಒರೆಸಿದರೆ ಸಾಕು.

ಉಂಗುರ ಬಿಗಿಯಾಗಿದೆಯೆಂದು ದೊಡ್ಡದು ಮಾಡಿಸುವಾಗ ಅನಾಹುತ ಹೆಚ್ಚು. ಬೆಸುಗೆಗೆ 700 ಡಿಗ್ರಿ ಸೆಲ್ಸಿಯಸ್‌ಗೂ ಮಿಕ್ಕ ಶಾಖ ಬೇಕು, ಆಮೇಲೆ ಕಪ್ಪು ತೆಗೆಯಲು ಆಮ್ಲದಲ್ಲಿ ಅದ್ದುತ್ತಾರೆ. ಮುತ್ತು, ಹವಳ, ಪಚ್ಚೆ ಇವನ್ನು ಮೊದಲು ಬಿಚ್ಚಿ, ಕೆಲಸ ಮುಗಿದ ಮೇಲೆ ಮತ್ತೆ ಕಟ್ಟಿ ಎಂದು ಅಕ್ಕಸಾಲಿಗರಿಗೆ ಬಾಯಿಬಿಟ್ಟು ಹೇಳಿ, ಚೀಟಿಯಲ್ಲೂ ಬರೆಸಿ.

ಕಲ್ಲು ಹಿಡಿದಿರುವ ಚಿನ್ನದ ಹಲ್ಲುಗಳೂ ಸವೆಯುತ್ತವೆ. 22 ಕ್ಯಾರೆಟ್ ಚಿನ್ನ ಮೆತ್ತಗೆ. ವಜ್ರಕ್ಕೆ 18 ಕ್ಯಾರೆಟ್ ಬಳಸುವುದು ಹಿಡಿತ ಗಟ್ಟಿಯಿರಲೆಂದೇ. ಆರು ತಿಂಗಳಿಗೊಮ್ಮೆ ಉಂಗುರವನ್ನು ಹತ್ತಿಯ ಉಂಡೆಯ ಮೇಲೆ ಎಳೆದು ನೋಡಿ, ಎದ್ದ ಹಲ್ಲಿದ್ದರೆ ಎಳೆ ಸಿಕ್ಕಿಕೊಳ್ಳುತ್ತದೆ. ಕಿವಿಯ ಬಳಿ ಹಿಡಿದು ಬೆರಳಲ್ಲಿ ತಟ್ಟಿದಾಗ ಕಟಕಟ ಎಂದರೆ ಕಲ್ಲು ಸಡಿಲವಾಗಿದೆ. ಓಲೆ, ಮೂಗುಬೊಟ್ಟುಗಳ ತಿರುಪಿನ ಸುತ್ತು ಸವೆದು ಬೇಗ ಕೊನೆಗೆ ಬರುತ್ತಿದ್ದರೆ ಹೊಸ ತಿರುಪು ಹಾಕಿಸಿ.

ಇಡುವಾಗ ಒಂದೊಂದಕ್ಕೂ ಒಂದೊಂದು ಹತ್ತಿಬಟ್ಟೆಯ ಚೀಲ. ಒಟ್ಟಿಗೆ ಗಂಟು ಕಟ್ಟಿದರೆ ವಜ್ರ ಉಳಿದೆಲ್ಲವನ್ನೂ ಗೀರುತ್ತದೆ. ಲಾಕರಿನಲ್ಲಿ ಬೆಳ್ಳಿ ಕಪ್ಪಾಗದಿರಲೆಂದು ಇಡುವ ಸಿಲಿಕಾ ಜೆಲ್ ಪೊಟ್ಟಣ ಮುತ್ತಿನ ಡಬ್ಬಿಯಲ್ಲಿ ಬೇಡ. ಒಳಗಿನ ಚೂರು ನೀರೂ ಆರಿದರೆ ಮುತ್ತಿನ ಮೈ ಬಿರಿಯುತ್ತದೆ. ಮುತ್ತನ್ನು ಆಗಾಗ ತೊಡುವುದೇ ಒಳ್ಳೆಯದು, ಅತ್ತರು ಪೌಡರು ಎಲ್ಲ ಮುಗಿದ ಮೇಲೆ ಕೊನೆಗೆ ತೊಟ್ಟು, ಮನೆಗೆ ಬಂದ ಕೂಡಲೇ ಮೊದಲು ಬಿಚ್ಚಿ, ಬೆವರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಸರವಾದರೆ ತೂಗುಹಾಕದೆ ಉದ್ದಕ್ಕೆ ಮಲಗಿಸಿ ಆರಿಸಿ. ರೇಷ್ಮೆ ದಾರ ಒದ್ದೆಯಿರುವಾಗ ತೂಗುಹಾಕಿದರೆ ಹಿಗ್ಗಿ, ಮಣಿಮಣಿಗಳ ನಡುವೆ ಸಂದು ಬಿಡುತ್ತದೆ.