ಕ್ರಿಕೆಟ್: ಹೆಸರು ಒಂದೇ, ಹುಟ್ಟು ಬೇರೆ

ಇಂಗ್ಲಿಷಿನಲ್ಲಿ ಕ್ರಿಕೆಟ್ ಅಂದರೆ ಆಟ. ಕತ್ತಲಾದ ಮೇಲೆ ಗೋಡೆ ಸಂದಿಯಲ್ಲಿ, ಹುಲ್ಲಿನ ಬುಡದಲ್ಲಿ ಕಿರ್ರ್ ಕಿರ್ರ್ ಅನ್ನುವ ಹುಳುವೂ ಕ್ರಿಕೆಟ್ಟೇ. ಹಿಂದೆ ಅಲ್ಲಿ ಒಂದು ಬಗೆಯ ಗಿಡ್ಡ ಮರದ ಮಣೆಗೂ ಅದೇ ಹೆಸರಿತ್ತು. ಹೆಸರು ಒಂದೇ ಅಂದಮೇಲೆ ಏನೋ ನಂಟು ಇರಲೇಬೇಕು ಅಂತ ನಮಗೆ ಅನ್ನಿಸುತ್ತದೆ, ಅಲ್ವಾ? ಹುಳು ಹುಲ್ಲಿನಲ್ಲಿ ಜಿಗಿಯುತ್ತದೆ, ಚೆಂಡೂ ಹುಲ್ಲಿನ ಮೇಲೆ ಪುಟಿಯುತ್ತದೆ, ಅದಕ್ಕೇ ಈ ಹೆಸರು ಅಂತ ಕತೆ ಕಟ್ಟುವುದು ಸುಲಭ. ಕೇಳೋಕೆ ಚೆನ್ನಾಗಿದೆ. ಆದರೆ ಅದಕ್ಕೆ ಆಧಾರವಿಲ್ಲ.

ಹುಳದ ಹೆಸರು ಬಂದದ್ದು ಹಳೆಯ ಫ್ರೆಂಚ್ ನುಡಿಯಿಂದ. ಕಿರ್ರೆನ್ನು ಅನ್ನುವ ಅರ್ಥದ ಒಂದು ಕ್ರಿಯಾಪದ ಅದರ ಮೂಲ. ಅಂದರೆ ಹುಳು ತನ್ನ ಹೆಸರನ್ನು ತಾನೇ ಕೂಗಿ ಹೇಳಿದೆ. ಇಂದಿನ ಫ್ರೆಂಚರು ಆ ಹೆಸರನ್ನು ಮಿಡತೆಗೆ ಬಿಟ್ಟುಕೊಟ್ಟು, ಈ ಹುಳವನ್ನು ಗ್ರಿಯೋಂ ಅನ್ನುತ್ತಾರೆ.

ಆಟದ ಹೆಸರಿನ ದಾರಿ ಬೇರೆ. ಅದಕ್ಕೆ ಸಿಕ್ಕಿರುವ ಗಟ್ಟಿ ದಾಖಲೆ ಒಂದು ಜಮೀನು ಜಗಳದ್ದು. 1598ರಲ್ಲಿ ಇಂಗ್ಲೆಂಡಿನ ಗಿಲ್ಡ್‌ಫರ್ಡ್ ಊರಿನ ಒಂದು ತುಂಡು ಜಾಗದ ಬಗ್ಗೆ ವ್ಯಾಜ್ಯ ನಡೆದಿತ್ತು. 59 ವರ್ಷದ ಜಾನ್ ಡೆರಿಕ್ ಸಾಕ್ಷಿ ಹೇಳಲು ಬಂದ. ತಾನು ಆ ಊರಿನ ಶಾಲೆಯಲ್ಲಿ ಓದುವಾಗ ಗೆಳೆಯರ ಜೊತೆ ಅದೇ ಜಾಗದಲ್ಲಿ 'ಕ್ರೆಕೆಟ್' ಆಡುತ್ತಿದ್ದೆ ಎಂದ. ಅಂದರೆ 1550ರ ಹೊತ್ತಿಗೇ ಹುಡುಗರು ಇದನ್ನು ಆಡುತ್ತಿದ್ದರು. ಹೆಸರಿನ ಬೇರು ಎಲ್ಲಿಯದು ಅನ್ನುವುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಕೋಲು ಅನ್ನುವ ಅರ್ಥದ ಹಳೆಯ ಡಚ್ ಪದ ಅಂತ ಕೆಲವರು, ಊರುಗೋಲು ಅನ್ನುವ ಹಳೆಯ ಇಂಗ್ಲಿಷ್ ಪದ ಅಂತ ಇನ್ನು ಕೆಲವರು. ಚರ್ಚಿನಲ್ಲಿ ಮಂಡಿಯೂರಲು ಬಳಸುತ್ತಿದ್ದ ಉದ್ದನೆಯ ಗಿಡ್ಡ ಮಣೆ ಅಂತಲೂ ಒಂದು ವಾದ ಇದೆ, ಯಾಕೆಂದರೆ ಎರಡೇ ಸ್ಟಂಪಿನ ಹಳೆಯ ವಿಕೆಟ್ ಹಾಗೇ ತಗ್ಗಾಗಿ ಅಗಲವಾಗಿತ್ತು. ಕೋಲೋ ಮಣೆಯೋ, ಈ ಯಾವ ವಾದದಲ್ಲೂ ಹುಳಕ್ಕೆ ಜಾಗವಿಲ್ಲ.

ಹುಳದ ವಿಷಯದಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಅದು ಕಾಲು ಉಜ್ಜಿ ಸದ್ದು ಮಾಡುತ್ತದೆ ಅನ್ನುವುದು. ಹಿಂಗಾಲನ್ನು ರೆಕ್ಕೆಗೆ ಉಜ್ಜುವುದು ಕೆಲವು ಮಿಡತೆಗಳು. ಈ ಹುಳು ಹಾಡುವುದು ಮುಂದಿನ ಎರಡು ರೆಕ್ಕೆಗಳಿಂದ, ಅದೂ ಗಂಡು ಮಾತ್ರ. ರೆಕ್ಕೆಯ ಅಡಿಯಲ್ಲಿ ಒಂದು ದಪ್ಪ ನರ ಇದೆ. ಅದರ ಉದ್ದಕ್ಕೂ ಸಣ್ಣ ಸಣ್ಣ ಹಲ್ಲುಗಳು. ಇನ್ನೊಂದು ರೆಕ್ಕೆಗೆ ಗಟ್ಟಿ ಅಂಚು. ಬಾಚಣಿಗೆಯ ಹಲ್ಲಿನ ಮೇಲೆ ಉಗುರು ಎಳೆದ ಹಾಗೆ ಆ ಅಂಚು ಹಲ್ಲಿನಿಂದ ಹಲ್ಲಿಗೆ ಸಿಕ್ಕಿ ಬಿಡುತ್ತ ಹೋಗುತ್ತದೆ. ರೆಕ್ಕೆ ತೆರೆಯುವಾಗ ಸದ್ದಿಲ್ಲ, ಮುಚ್ಚುವಾಗಲೇ ಸದ್ದು. ಒಂದೊಂದು ಹಲ್ಲು ದಾಟಿದಾಗಲೂ ರೆಕ್ಕೆ ಒಮ್ಮೆ ಅದುರುತ್ತದೆ. ರೆಕ್ಕೆಯ ನಡುವಿನ ತೆಳು ಪೊರೆ ಆ ಅದುರನ್ನು ದೊಡ್ಡದು ಮಾಡುತ್ತದೆ. ಹೊಲದ ಜಾತಿಯಲ್ಲಿ ರೆಕ್ಕೆ ಅದುರುವುದು ಸೆಕೆಂಡಿಗೆ 4ರಿಂದ 5 ಸಾವಿರ ಸಲ. ಕೇಳುವ ಕಿವಿ ಇರುವುದು ಮುಂಗಾಲಿನಲ್ಲಿ, ಮಂಡಿಯ ಕೆಳಗೆ!

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೋಹಿಣಿ ಬಾಲಕೃಷ್ಣನ್ ಅವರ ತಂಡ ಗಿಡಗಳ ಮೇಲೆ ಬದುಕುವ ಒಂದು ಜಾತಿಯನ್ನು ನೋಡಿದೆ. ಅದರ ಕೆಲವು ಗಂಡುಗಳು ಎಲೆಯಲ್ಲಿ ತೂತು ಕೊರೆದು, ರೆಕ್ಕೆಯನ್ನು ಆ ತೂತಿಗೆ ಹೊಂದಿಸಿಕೊಂಡು ಹಾಡುತ್ತವೆ. ಸದ್ದು ಜಾಸ್ತಿ ಆಗುತ್ತದೆ. ಈ ಉಪಾಯ ಮಾಡುವುದು ಹೆಚ್ಚಾಗಿ ಚಿಕ್ಕ ಮೈಯ, ಮೆಲ್ಲಗೆ ಹಾಡುವ ಗಂಡುಗಳು.

ನಾವೂ ಇಂಗ್ಲಿಷಿನವರ ಹಾಗೆ ಒಂದೇ ಹೆಸರಿನಲ್ಲಿ ಎರಡನ್ನು ತುಂಬಿದ್ದೇವೆ. ರಾತ್ರಿ ಹಾಡುವ ಈ ಹುಳವನ್ನೂ ಜೀರುಂಡೆ ಅನ್ನುತ್ತೇವೆ, ಮಲೆನಾಡಿನ ಕಾಡಿನಲ್ಲಿ ಮರದ ಮೇಲೆ ಕೂತು ಕಿವಿಗಡಚಿಕ್ಕುವುದನ್ನೂ ಜೀರುಂಡೆ ಅನ್ನುತ್ತೇವೆ. ಮರದ ಜೀರುಂಡೆ ತಿಗಣೆಯ ಬಳಗದ್ದು, ಗಿಡದ ರಸ ಹೀರುತ್ತದೆ. ಅದರ ಸದ್ದು ಹೊಟ್ಟೆಯ ಎರಡು ಪಕ್ಕದ ಪೊರೆಗಳಿಂದ ಬರುತ್ತದೆ. ಒಳಗಿನ ಸ್ನಾಯು ಎಳೆದಾಗ ಪೊರೆ ಟಕ್ಕನೆ ಒಳಬಾಗುತ್ತದೆ, ಬಿಟ್ಟಾಗ ಮೊದಲಿನಂತಾಗುತ್ತದೆ. ಕಿವಿಗೆ ಎರಡೂ ಜೀರ್ ಅನ್ನಿಸಬಹುದು. ಆದರೆ ಮೈಯ ಬೇರೆ ಬೇರೆ ಕಡೆಯಿಂದ, ಬೇರೆ ಬೇರೆ ಕಾಲದಲ್ಲಿ ಹುಟ್ಟಿಕೊಂಡ ಎರಡು ಹಾಡುಗಳು ಅವು.

ಒಂದೇ ಥರ ಕಂಡದ್ದೆಲ್ಲ ಒಂದೇ ಕಡೆ ಹುಟ್ಟಿದ್ದಲ್ಲ ಅನ್ನುವ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಹವಾಯಿ ದ್ವೀಪಗಳಲ್ಲಿ ಸಿಕ್ಕಿತು. ಅಲ್ಲಿ ಒಂದು ನೊಣ ಕ್ರಿಕೆಟ್ ಹುಳದ ಹಾಡನ್ನೇ ಜಾಡು ಹಿಡಿದು ಬರುತ್ತದೆ. ಹಾಡುವವನ ಮೇಲೆ ತನ್ನ ಮರಿಹುಳಗಳನ್ನು ಬಿಡುತ್ತದೆ. ಅವು ಮೈಯೊಳಗೆ ಕೊರೆದು ಹೋಗಿ ತಿಂದು, ಕೊನೆಗೆ ಕೊಂದೇ ಹೊರಬರುತ್ತವೆ. ಹಾಡಿದರೆ ಹೆಣ್ಣು ಸಿಗುತ್ತದೆ, ಜೊತೆಗೆ ಸಾವೂ ಸಿಗುತ್ತದೆ. 2003ರಲ್ಲಿ ಕವಾಯಿ ದ್ವೀಪದಲ್ಲಿ ಜೀವವಿಜ್ಞಾನಿ ಮಾರ್ಲೀನ್ ಜುಕ್ ಮತ್ತು ಜೊತೆಗಾರರು ನೋಡಿದಾಗ ಹುಳುಗಳು ಬೇಕಾದಷ್ಟಿದ್ದವು, ಆದರೆ ಹಾಡೇ ಇರಲಿಲ್ಲ. ಗಂಡುಗಳಲ್ಲಿ ಹೆಚ್ಚಿನವಕ್ಕೆ ರೆಕ್ಕೆ ಚಪ್ಪಟೆಯಾಗಿ, ಸದ್ದು ಮಾಡಲು ಆಗದಂತಿತ್ತು. ಇಷ್ಟು ಬದಲಾವಣೆಗೆ 20 ತಲೆಮಾರೂ ಬೇಕಾಗಿರಲಿಲ್ಲ. ಈ ಮೂಕ ಗಂಡುಗಳು ಅಳಿದುಳಿದ ಹಾಡುಗಾರರ ಹತ್ತಿರ ಸುಳಿದಾಡಿ, ಅಲ್ಲಿಗೆ ಬರುವ ಹೆಣ್ಣುಗಳ ಜೊತೆ ಕೂಡುತ್ತವೆ.

ಎರಡು ವರ್ಷದ ಮೇಲೆ ಪಕ್ಕದ ಒವಾಹು ದ್ವೀಪದಲ್ಲೂ ಮೂಕ ಗಂಡುಗಳು ಕಾಣಿಸಿದವು. ಕವಾಯಿಯಿಂದ ಹಡಗಿನಲ್ಲೋ ವಿಮಾನದಲ್ಲೋ ಬಂದಿರಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ರೆಕ್ಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ವಿಷಯ ಬೇರೆಯೇ ಆಗಿತ್ತು. ಕವಾಯಿಯ ಗಂಡಿನ ರೆಕ್ಕೆ ಹೆಚ್ಚು ಕಡಿಮೆ ಹೆಣ್ಣಿನದರಂತೆಯೇ ಇತ್ತು. ಒವಾಹುವಿನದರಲ್ಲಿ ಸದ್ದು ಮಾಡುವ ಭಾಗದ ಕುರುಹು ಇನ್ನೂ ಉಳಿದಿತ್ತು. ಆಮೇಲೆ ಡಿಎನ್ಎ ಪರೀಕ್ಷೆಯೂ ಅದನ್ನೇ ಹೇಳಿತು. 2014ರಲ್ಲಿ ಫಲಿತಾಂಶ ಪ್ರಕಟವಾಯಿತು: ಎರಡು ದ್ವೀಪಗಳಲ್ಲಿ ಆಗಿದ್ದು ಎರಡು ಬೇರೆ ಬೇರೆ ಜೀನ್ ಬದಲಾವಣೆಗಳು. ಒಂದರಿಂದ ಇನ್ನೊಂದು ಬಂದದ್ದಲ್ಲ.