ಒಂದೇ ಹಳ್ಳಿಯಲ್ಲಿ ವರ್ಷಗಟ್ಟಲೆ ಯಾಕೆ ಇರಬೇಕು?

ಪ್ರಶ್ನೆ: ಮಗಳು ಧಾರವಾಡದಲ್ಲಿ ಮಾನವಶಾಸ್ತ್ರ ಎಂ.ಎ. ಮಾಡ್ತೀನಿ ಅಂತಾಳೆ. ಮುಂದೆ ಸಂಶೋಧನೆಗೆ ಯಾವುದೋ ಹಳ್ಳಿಯಲ್ಲಿ ವರ್ಷಗಟ್ಟಲೆ ಇರಬೇಕಂತೆ. ಫಾರ್ಮ್ ಹಿಡಿದು ನಾಲ್ಕು ದಿನ ಮನೆಮನೆ ಸುತ್ತಿದರೆ ಸಾಲದೇ?
– ಓದುಗರೊಬ್ಬರು, ನವಲಗುಂದ

ಸಾಲದು ಸರ್. ಮಾನವಶಾಸ್ತ್ರ ಅಂದರೆ ಜನ ಒಟ್ಟಿಗೆ ಹೇಗೆ ಬದುಕುತ್ತಾರೆ ಅನ್ನುವುದರ ಅಧ್ಯಯನ. ಫಾರ್ಮ್ ಹಿಡಿದು ಹೋದವರಿಗೆ ಜನ ಹೇಳಬೇಕಾದ್ದನ್ನಷ್ಟೇ ಹೇಳುತ್ತಾರೆ. ಊರಲ್ಲಿ ಯಾರ ಮಾತು ನಡೆಯುತ್ತದೆ ಅನ್ನುವುದು ತಿಳಿಯಬೇಕಾದರೆ ಒಂದು ಬಿತ್ತನೆ, ಒಂದು ಜಾತ್ರೆ, ಒಂದು ಚುನಾವಣೆ, ಎರಡು ಜಗಳವಾದರೂ ನೋಡಬೇಕು.

ಗ್ರಾಮ ಪಂಚಾಯ್ತಿಯನ್ನೇ ತಗೊಳ್ಳಿ. 2010ರಿಂದ ನಮ್ಮಲ್ಲಿ ಅರ್ಧ ಸೀಟು ಮಹಿಳೆಯರಿಗೆ. ಫಾರ್ಮಿನಲ್ಲಿ ಅಧ್ಯಕ್ಷೆಯ ಹೆಸರು ಬರೆದರೆ ಕೆಲಸ ಮುಗೀತು. ಆದರೆ ಸಭೆಯಲ್ಲಿ ಮಾತಾಡುವವರು ಯಾರು? ಸಹಿ ಹಾಕುವ ಮುಂಚೆ ಆಕೆ ಯಾರ ಮುಖ ನೋಡುತ್ತಾರೆ? ಅದೇ ಹೆಣ್ಣುಮಗಳು ಎರಡನೇ ವರ್ಷ ಗಂಡನನ್ನು ಹೊರಗೆ ಕೂರಿಸಿ ಪಿಡಿಒಗೆ ಲೆಕ್ಕ ಕೇಳಿದರೆ? ಆ ಬದಲಾವಣೆ ಅಲ್ಲಿದ್ದವರಿಗೆ ಮಾತ್ರ ಕಾಣುತ್ತದೆ.

ನನಗೆ ಬಹಳ ಇಷ್ಟವಾದ ಉದಾಹರಣೆ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ ಅವರದು. 1954ರಿಂದ 56ರವರೆಗೆ ಅವರು ಮಂಡ್ಯದ ಹತ್ತಿರದ ಎರಡು ಹಳ್ಳಿಗಳನ್ನು ಅಭ್ಯಾಸ ಮಾಡಿದರು. ಒಂದಕ್ಕೆ ಕಾಲುವೆ ನೀರು ಬಂದಿತ್ತು, ಇನ್ನೊಂದು ಒಣಭೂಮಿ. ನೀರು ಬಂದ ಊರೇ ಜಾಸ್ತಿ ಬದಲಾಗಿರಬೇಕು ಅಲ್ವಾ? ಆಗಿದ್ದು ಉಲ್ಟಾ. ನೀರಾವರಿಯ ಊರಲ್ಲಿ ಕಬ್ಬು ಬಂತು, ದುಡ್ಡು ಬಂತು, ಆದರೆ ಒಕ್ಕಲಿಗರಿಗೂ ತಲೆಮಾರಿನಿಂದ ಅವರ ಹೊಲದಲ್ಲಿ ದುಡಿಯುವವರಿಗೂ ಇದ್ದ ಹಳೇ ಸಂಬಂಧ ಹಾಗೇ ಉಳಿಯಿತು. ಒಣ ಊರಿನವರು ಪೇಟೆ, ನೌಕರಿ, ವ್ಯಾಪಾರ ಅಂತ ಹೊರಗೆ ಹೋದರು. ಹಳೇ ಕಟ್ಟುಗಳು ಸಡಿಲಾಗಿದ್ದು ಅಲ್ಲಿ. 1970ರಲ್ಲಿ ಎಪ್‌ಸ್ಟೈನ್ ಮತ್ತೆ ಅದೇ ಹಳ್ಳಿಗಳಿಗೆ ಹೋಗಿ ನೋಡಿದರು. ಈ ವೃತ್ತಿಯಲ್ಲಿ ನಾನು ಅತಿಯಾಗಿ ಗೌರವಿಸುವುದು ಹೀಗೆ ಮರಳಿ ಹೋಗುವುದನ್ನು.

ಹಾಗಂತ ಮಂಡ್ಯದ ಉತ್ತರವನ್ನು ನಿಮ್ಮೂರಿಗೆ ತಂದು ಹಚ್ಚಲಾಗದು. ಮಲಪ್ರಭಾ ಕಾಲುವೆ ಬಂದಾಗ ಎರೆಭೂಮಿಗೆ ಸವಳು-ಜವಳೂ (ಮಣ್ಣು ಉಪ್ಪಾಗುವ, ನೀರು ನಿಲ್ಲುವ ತೊಂದರೆ) ಬಂತು, ಮೇಲೆ ಕರವೂ ಬಿತ್ತು. 1980ರ ಜುಲೈನಲ್ಲಿ ನವಲಗುಂದ, ನರಗುಂದದ ರೈತರು ಎದ್ದು ನಿಂತರು, ಗೋಲಿಬಾರ್ ಆಯಿತು. ಆ ಚಳವಳಿಯಲ್ಲಿ ಇದ್ದವರ ಮಕ್ಕಳು ಈಗ ಏನು ಮಾಡುತ್ತಿದ್ದಾರೆ? ಕಾಲುವೆಯ ತುದಿಯ ಹೊಲ ಯಾರದು? ಕೂಲಿಯವರ ಪಾಡೇನು? ನಿಮ್ಮ ಮಗಳು ಕೇಳಬಹುದಾದ ಪ್ರಶ್ನೆಗಳು ಮನೆ ಬಾಗಿಲಲ್ಲೇ ಇವೆ.

ಇನ್ನು ನೌಕರಿ. ಹುದ್ದೆಗಳು ಕಡಿಮೆ, ಇದನ್ನು ಮುಚ್ಚಿಡಬಾರದು. ಕಾಲೇಜಿನಲ್ಲಿ ಪಾಠ ಮಾಡಲು ಸಾಮಾನ್ಯವಾಗಿ ನೆಟ್‌ನಂಥ ಅರ್ಹತಾ ಪರೀಕ್ಷೆ ಬರೆಯಬೇಕು. ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಮಾನವಶಾಸ್ತ್ರ ಸರ್ವೇಕ್ಷಣೆಯ ಕಚೇರಿ ಇದೆ, ರಾಜ್ಯದ ಬುಡಕಟ್ಟು ಸಂಶೋಧನಾ ಸಂಸ್ಥೆಯೂ ಇದೆ. ಆರೋಗ್ಯ, ನೀರಾವರಿ ಯೋಜನೆಗಳಲ್ಲೂ ಇಂಥವರು ಬೇಕು. ಯುಪಿಎಸ್‌ಸಿಗೆ ಐಚ್ಛಿಕ ವಿಷಯವಾಗಿಯೂ ತಗೊಳ್ಳಬಹುದು. ಸೇರಿಸುವ ಮುಂಚೆ ಕರ್ನಾಟಕ ವಿಶ್ವವಿದ್ಯಾಲಯದ ಮಾನವಶಾಸ್ತ್ರ ವಿಭಾಗಕ್ಕೆ ಇಬ್ಬರೂ ಹೋಗಿ, ಹಳ್ಳಿಗಳಲ್ಲಿ ಕೆಲಸ ಮಾಡುತ್ತಿರುವ ಸಂಶೋಧಕರ ಜೊತೆ ಒಂದು ತಾಸು ಮಾತಾಡಿ ಬನ್ನಿ.