ಗಾಳಿ ಸೋಕಿದ್ದಲ್ಲ, ಗೋಣಿಚೀಲದ ವಾಸನೆ

ಮೂಡಿಗೆರೆ ಕಡೆಯ ಒಂದು ಕಾಫಿ ಕಣ ಅಂದುಕೊಳ್ಳಿ. 11 ವರ್ಷದ ಹುಡುಗಿ. ಗೋಣಿಚೀಲದ ರಾಶಿ ಹತ್ತಿರ ಬಂದಕೂಡಲೇ ಕಲ್ಲಿನಂತೆ ನಿಂತುಬಿಡುತ್ತಾಳೆ. ಕೈ ತಣ್ಣಗೆ, ಬಾಯಲ್ಲಿ ಮಾತಿಲ್ಲ. 'ಗಾಳಿ ಸೋಕಿದೆ' ಎಂದು ಮನೆಯವರು ಅಂತ್ರ ಕಟ್ಟಿಸುತ್ತಾರೆ. ಎರಡು ವರ್ಷದ ಹಿಂದೆ ಗೋದಾಮಿನಲ್ಲಿ ಹತ್ತಿರದ ನೆಂಟನೇ ಅವಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದು ಯಾರಿಗೂ ಗೊತ್ತಿಲ್ಲ. ಇಂಥ ಅಂತ್ರ ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ಮಿದುಳಿನಲ್ಲಿ ಅಪಾಯ ಕಂಡರೆ ಎಚ್ಚರಿಸುವ ಭಾಗವಾದ ಅಮಿಗ್ಡಲಾ ತೋಟದ ನಾಯಿಯ ಹಾಗೆ. ಒಮ್ಮೆ ಚಿರತೆ ಕಂಡರೆ ಆಮೇಲೆ ತರಗೆಲೆ ಸರಿದರೂ ಬೊಗಳುತ್ತದೆ. ಪಕ್ಕದ ಹಿಪೊಕ್ಯಾಂಪಸ್ ಅಂಚೆ ಕಚೇರಿ ಇದ್ದಂತೆ. ನೆನಪಿನ ಮೇಲೆ ಊರು, ತಾರೀಕಿನ ಮುದ್ರೆ ಒತ್ತುವುದು ಅದರ ಕೆಲಸ. ವಿಪರೀತ ಭಯದಲ್ಲಿ ಮುದ್ರೆ ಸರಿಯಾಗಿ ಬೀಳುವುದಿಲ್ಲ ಅನ್ನೋದು ವಿಜ್ಞಾನಿಗಳು ಕೊಡುವ ವಿವರಣೆ. ತಾರೀಕಿಲ್ಲದ ಕಾಗದ ಯಾವಾಗ ಕೈಗೆ ಬಂದರೂ ಇವತ್ತಿನದೇ, ಅಲ್ವಾ? ಗೋಣಿಯ ವಾಸನೆ ಬಂದಾಗ ಹುಡುಗಿಗೆ ಹಳೆಯದು ನೆನಪಾಗುವುದಲ್ಲ, ಈಗಲೇ ನಡೆಯುತ್ತದೆ.

1915ರಲ್ಲಿ ಬ್ರಿಟನ್ನಿನ ವೈದ್ಯ ಚಾರ್ಲ್ಸ್ ಮೈಯರ್ಸ್ ಮೊದಲ ಮಹಾಯುದ್ಧದ ಸೈನಿಕರ ಇಂಥ ಪಾಡನ್ನು 'ಶೆಲ್ ಶಾಕ್' ಎಂದು ಬರೆದರು. ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಕಾಡುವ ಮನಸ್ಸಿನ ಕಾಯಿಲೆ ಎಂಬ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ. ಯುದ್ಧವನ್ನೇ ಕಾಣದ ಮಕ್ಕಳಿಗೂ ಅದೇ ಕಾಯಿಲೆ ಬರುತ್ತದೆ.

ಹಾಗಂತ ದೌರ್ಜನ್ಯಕ್ಕೆ ಒಳಗಾದ ಎಲ್ಲರಿಗೂ ಬರುವುದಿಲ್ಲ. ಮತ್ತೆ ಮತ್ತೆ ನಡೆದಿದ್ದರೆ, ಬಲಾತ್ಕಾರ ಇದ್ದರೆ, ನಂಬಿದವರೇ ಮಾಡಿದ್ದರೆ, 'ತಪ್ಪು ನನ್ನದೇ' ಎಂದು ಮಗು ಕೊರಗುತ್ತಿದ್ದರೆ ಅಪಾಯ ಜಾಸ್ತಿ. ಆದರೆ ನನ್ನನ್ನು ತುಂಬಾ ಕಾಡುವುದು ಇನ್ನೊಂದು. 2000ದಲ್ಲಿ ಬ್ರಿಟನ್ನಿನ ಮನೋವಿಜ್ಞಾನಿ ಕ್ರಿಸ್ ಬ್ರೂಯಿನ್ ಮತ್ತು ಸಂಗಡಿಗರು ಬೇರೆ ಬೇರೆ ಆಘಾತ ಕಂಡ ದೊಡ್ಡವರ ಮೇಲಿನ 77 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಆಘಾತಕ್ಕಿಂತ ಮುಂಚಿನ ಕಾರಣಗಳಿಗಿಂತ, ಆಮೇಲೆ ಆಸರೆ ಸಿಗದೇ ಹೋಗಿದ್ದೇ ಹೆಚ್ಚು ತೂಕದ್ದಾಗಿತ್ತು. ಮಕ್ಕಳ ವಿಷಯದಲ್ಲೂ ಬಾಯಿಬಿಟ್ಟಾಗ ಮನೆಯವರು ನಂಬಿದರೋ ಗದರಿದರೋ ಅನ್ನೋದು ಬಹಳ ಮುಖ್ಯ. 'ಸುಮ್ನಿರು, ಮಾನ ಹೋಗುತ್ತೆ' ಅನ್ನುವ ಅಜ್ಜಿ ಪ್ರೀತಿಯಿಂದಲೇ ಹಾಗೆ ಹೇಳಬಹುದು. ಆದರೂ ಮಗುವಿಗೆ ಅದು ಎರಡನೇ ಪೆಟ್ಟು.

'ಹೇಳಿದ್ದು ಒಳ್ಳೇದಾಯ್ತು ಮಗಾ, ತಪ್ಪು ನಿಂದಲ್ಲ.' ಇಷ್ಟು ಸಾಕು ಮೊದಲಿಗೆ. ಆಮೇಲೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಮನೋವೈದ್ಯರಿಗೆ ತೋರಿಸಿ. ಮಾತಿನ ಚಿಕಿತ್ಸೆಯಿಂದ ನಿಜವಾಗಿ ಗುಣವಾಗುತ್ತದೆ. ಸ್ಟೇಷನ್ ಮೆಟ್ಟಿಲು ಹತ್ತಿಸಬೇಕಲ್ಲ ಎಂಬ ಹೆದರಿಕೆಯೂ ಬೇಡ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾನೂನಿನ ಪ್ರಕಾರ ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಬರೆದುಕೊಳ್ಳಬಹುದು. ಬರುವ ಪೊಲೀಸರು ಖಾಕಿ ಹಾಕಿರಬಾರದು.